ತಾಯಿಯ ಹೆಸರು ನೆನಪಿದೆಯಾ? 2017ರ ‘ಘೋಸ್ಟ್ ಇನ್ ದಿ ಶೆಲ್’ ಎಡವಿದ ಜಾಗಗಳು: ಒಂದು ಪ್ರಕರಣ ಅಧ್ಯಯನ

‘ಘೋಸ್ಟ್ ಇನ್ ದಿ ಶೆಲ್’ ಹೆಸರಿನ 1995ರ ಅನಿಮೆಯಲ್ಲಿ (ಜಪಾನಿನ ಅನಿಮೇಷನ್ ಚಿತ್ರ) ಒಬ್ಬನನ್ನು ಬೆನ್ನಟ್ಟುವ ದೃಶ್ಯವಿದೆ. ಸಂತೆಯ ಗದ್ದಲ ದಾಟಿ, ಗಲ್ಲಿ ದಾಟಿ, ಕೊನೆಗೆ ಕಣಕಾಲು ಮುಳುಗುವಷ್ಟು ನೀರು ನಿಂತ ಬಯಲಿಗೆ ಅವನು ಬಂದು ನಿಲ್ಲುತ್ತಾನೆ. ಯಂತ್ರದೇಹದ ಭದ್ರತಾ ಅಧಿಕಾರಿ ಮೇಜರ್ ಮೊಟೊಕೊ ಕುಸನಾಗಿ ಅದೃಶ್ಯಳಾಗಿ ಅವನನ್ನು ಹೊಡೆದು ಕೆಡವುತ್ತಾಳೆ. ಕಾಣುವುದು ನೀರಿನ ಸಿಡಿತ ಮಾತ್ರ. ಸಿಕ್ಕಿಬಿದ್ದವನನ್ನು ಜೊತೆಗಾರ ಬಟೋ ಕೇಳುತ್ತಾನೆ: ನಿನ್ನ ತಾಯಿಯ ಹೆಸರು ಹೇಳು, ಅವಳ ಮುಖ ನೆನಪಿದೆಯಾ, ಹುಟ್ಟಿದ್ದು ಎಲ್ಲಿ? ಅವನಿಗೆ ಒಂದೂ ಗೊತ್ತಿಲ್ಲ. ಅವನ ನೆನಪನ್ನು ಯಾರೋ ಅಳಿಸಿ, ಬೇರೆಯದನ್ನು ತುಂಬಿ ಬಿಟ್ಟಿದ್ದಾರೆ.

ಅದನ್ನು ನಿಜವಾದ ನಟರಿಟ್ಟು ಮತ್ತೆ ಮಾಡಿದ 2017ರ ಹಾಲಿವುಡ್ ಚಿತ್ರದಲ್ಲೂ ಆ ನೀರಿದೆ, ಆ ಹೊಡೆದಾಟವಿದೆ, ಸ್ಲೋ ಮೋಷನ್ ಇನ್ನಷ್ಟು ಸೇರಿಕೊಂಡಿದೆ. ಆದರೆ ಈ ಚಿತ್ರದಲ್ಲಿ ನಾಯಕಿ ಒಂದು ಫ್ಲ್ಯಾಟಿನ ಬಾಗಿಲು ತಟ್ಟುತ್ತಾಳೆ, ಒಳಗಿದ್ದ ಹಿರಿಯ ಹೆಂಗಸು ಅವಳನ್ನು ಕೂರಿಸಿ ಚಹಾ ಕೊಡುತ್ತಾಳೆ. ಅವಳೇ ತಾಯಿ. ಅನಿಮೆಯಲ್ಲಿ ಉತ್ತರವಿಲ್ಲದ ಪ್ರಶ್ನೆಯಾಗಿದ್ದ ತಾಯಿ ಇಲ್ಲಿ ಕಥೆ ಹೋಗಿ ಸೇರುವ ವಿಳಾಸವಾಗಿದ್ದಾಳೆ. ಈ ಚಿತ್ರದ ಬಗ್ಗೆ ಆದ ಗಲಾಟೆಯಲ್ಲಿ ಹೆಚ್ಚು ಕೇಳಿಬಂದದ್ದು ತಾರಾಗಣದ ವಿಷಯ. ಅದು ನ್ಯಾಯವಾದ ದೂರೇ. ಆದರೂ ಬೇರಿನ ತಪ್ಪು ಇರುವುದು ಈ ತಿರುವಿನಲ್ಲಿ, ತಾರಾಗಣದ ತಪ್ಪು ಕೂಡ ಅದರೊಳಗೇ ಹೆಣೆದುಕೊಂಡಿದೆ.

ಹಿನ್ನೆಲೆ

ಇದೆಲ್ಲದರ ಮೂಲವಾದ ಮಸಾಮುನೆ ಶಿರೊ ಅವರ ಮಾಂಗಾ (ಜಪಾನೀ ಚಿತ್ರಕಥಾ ಪುಸ್ತಕ) 1989ರಲ್ಲಿ ಕೊಡಾನ್ಶಾ ಪ್ರಕಾಶನದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾಯಿತು. ಮಾಮೊರು ಒಶಿಯಿ ನಿರ್ದೇಶಿಸಿ, ಕಝುನೋರಿ ಇತೊ ಚಿತ್ರಕಥೆ ಬರೆದು, ಪ್ರೊಡಕ್ಷನ್ ಐ.ಜಿ. ಸ್ಟುಡಿಯೋ ತಯಾರಿಸಿದ ಅನಿಮೆ ಚಿತ್ರ ಜಪಾನಿನಲ್ಲಿ 1995ರ ನವೆಂಬರಿನಲ್ಲಿ ತೆರೆಕಂಡಿತು. ಉದ್ದ ಒಂದೂವರೆ ಗಂಟೆಗೂ ಕಡಿಮೆ. 1996ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ವಿಡಿಯೋ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ವಚೋವ್ಸ್ಕಿ ಸೋದರಿಯರು ‘ದಿ ಮ್ಯಾಟ್ರಿಕ್ಸ್’ ಕಥೆ ಹೊತ್ತು ನಿರ್ಮಾಪಕರ ಬಳಿ ಹೋದಾಗ ಇದನ್ನೇ ತೋರಿಸಿ, ಇಂಥದ್ದನ್ನು ನಿಜವಾದ ನಟರಿಟ್ಟು ಮಾಡಬೇಕು ಎಂದಿದ್ದರು.

ಹಾಲಿವುಡ್ ಸ್ಟುಡಿಯೋ ಡ್ರೀಮ್‌ವರ್ಕ್ಸ್ ಹಕ್ಕು ಕೊಂಡದ್ದು 2008ರಲ್ಲಿ. ರೂಪರ್ಟ್ ಸ್ಯಾಂಡರ್ಸ್ ನಿರ್ದೇಶಕರಾಗಿ ಬಂದದ್ದು 2014ರಲ್ಲಿ, ಸ್ಕಾರ್ಲೆಟ್ ಜೊಹಾನ್ಸನ್ ಒಪ್ಪಿಕೊಂಡದ್ದು 2015ರ ಆರಂಭದಲ್ಲಿ. ಚಿತ್ರೀಕರಣದ ಬಹುಪಾಲು ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ, ಉಳಿದದ್ದು ಹಾಂಗ್‌ಕಾಂಗ್ ಮುಂತಾದೆಡೆ. ಚಿತ್ರಕಥೆಗೆ ಹೆಸರು ಪಡೆದವರು ಮೂವರು: ಜೇಮಿ ಮಾಸ್, ವಿಲಿಯಂ ವೀಲರ್, ಎರೆನ್ ಕ್ರೂಗರ್. ಪ್ಯಾರಾಮೌಂಟ್ 2017ರ ಮಾರ್ಚ್ 31ರಂದು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಹಕ್ಕು ಕೊಂಡದ್ದರಿಂದ ತೆರೆಗೆ ಬರುವತನಕ 9 ವರ್ಷ. ಅಷ್ಟರಲ್ಲಿ ಆ ಅನಿಮೆಯ ಹೊಸತನವನ್ನೆಲ್ಲ ಬೇರೆ ಚಿತ್ರಗಳು ಬಳಸಿ ಹಳೆಯದು ಮಾಡಿದ್ದವು. ಇನ್ನೂ ಯಾರೂ ಮುಟ್ಟದೆ ಉಳಿದಿದ್ದದ್ದು ಅದರ ವಿಚಾರ ಮಾತ್ರ.

ಬಜೆಟ್ಟೇ ಕಥೆ ಬರೆದದ್ದು

ನಿರ್ಮಾಣದ ಖರ್ಚು ಸುಮಾರು 11 ಕೋಟಿ ಡಾಲರ್. ಪ್ರಚಾರವನ್ನೂ ಸೇರಿಸಿದರೆ 25 ಕೋಟಿಯ ಆಸುಪಾಸು ಎಂದು ಹಾಲಿವುಡ್‌ನ ವ್ಯಾಪಾರ ಪತ್ರಿಕೆಗಳು ಲೆಕ್ಕ ಹಾಕಿದವು. ಟಿಕೆಟ್ ಹಣವೆಲ್ಲ ಸ್ಟುಡಿಯೋಗೆ ಬರುವುದಿಲ್ಲ. ಅಮೆರಿಕದಲ್ಲಿ ಅಂದಾಜು ಅರ್ಧ, ಚೀನಾದಲ್ಲಿ ಕಾಲು ಭಾಗದಷ್ಟು. ಇಷ್ಟು ದೊಡ್ಡ ಮೊತ್ತ ಮರಳಿ ಬರಬೇಕಾದರೆ ಒಂದರ ಹಿಂದೆ ಒಂದು ನಿರ್ಧಾರ ತಾನಾಗಿಯೇ ಬಂದು ಕೂರುತ್ತದೆ. ಲೋಕವೆಲ್ಲ ಗುರುತಿಸುವ ಮುಖ ಬೇಕು. 2014ರ ‘ಲೂಸಿ’ 4 ಕೋಟಿ ಡಾಲರ್‌ನಲ್ಲಿ ತಯಾರಾಗಿ 45 ಕೋಟಿಗೂ ಹೆಚ್ಚು ಗಳಿಸಿತ್ತು, ಅದರ ನಾಯಕಿಯೇ ಇಲ್ಲಿಗೂ ಬಂದಳು. ಹದಿಹರೆಯದವರು ಟಿಕೆಟ್ ಕೊಳ್ಳಬೇಕು, ಹಾಗಾಗಿ ಪಿಜಿ-13 ಪ್ರಮಾಣಪತ್ರ (ಹದಿಹರೆಯದವರೂ ನೋಡಬಹುದೆಂಬ ಅಮೆರಿಕದ ದರ್ಜೆ). ಅನಿಮೆಯ ನಗ್ನತೆ, ತಲೆ ಸಿಡಿಯುವ ಹಿಂಸೆ ಎರಡೂ ಹೋದವು. ಎಲ್ಲಾ ದೇಶದವರಿಗೂ ಅರ್ಥವಾಗಲೆಂದು ರಾಜಕೀಯದ ಗೋಜಲನ್ನು ಬಿಟ್ಟು, ದುಷ್ಟ ಕಂಪನಿ ಮಾಲೀಕನೊಬ್ಬನನ್ನು ತಂದರು. ನಾಯಕಿಯ ಮೇಲೆ ಕನಿಕರ ಹುಟ್ಟಬೇಕೆಂದು ಕಳೆದುಹೋದ ಬಾಲ್ಯ ಕೊಟ್ಟರು.

ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಒಂದೂ ಮೂರ್ಖ ನಿರ್ಧಾರವಲ್ಲ. ಸಾಲಾಗಿ ಇಟ್ಟರೆ ಮಾತ್ರ ಬೇರೆಯೇ ಕಥೆ ಹುಟ್ಟುತ್ತದೆ.

ಮೊದಲ ಹತ್ತು ನಿಮಿಷ

ಅನಿಮೆ ಶುರುವಾಗುವುದು ಗಗನಚುಂಬಿಯೊಂದರ ಮೇಲೆ ಕೂತು ಕೆಳಗಿನ ಕೋಣೆಯ ಮಾತು ಕದ್ದು ಕೇಳುತ್ತಿರುವ ಮೇಜರ್‌ಳಿಂದ. ವಿದೇಶಿ ರಾಜತಾಂತ್ರಿಕನೊಬ್ಬ ಒಬ್ಬ ಪ್ರೋಗ್ರಾಮರ್‌ನನ್ನು ತನ್ನ ದೇಶಕ್ಕೆ ಸಾಗಿಸಲು ಹೊರಟಿದ್ದಾನೆ, ಅವನಿಗೆ ಕಾನೂನಿನ ರಕ್ಷಣೆ ಇದೆ. ಅವಳು ಮೇಲಿನಿಂದ ಜಿಗಿದು, ಕಿಟಕಿಯಾಚೆಯಿಂದ ಗುಂಡು ಹಾರಿಸಿ ಅವನನ್ನು ಕೊಂದು, ಬೀಳುತ್ತಲೇ ಮಾಯವಾಗುತ್ತಾಳೆ. ಸರ್ಕಾರದ ಪರವಾಗಿ ನಡೆದ ಕೊಲೆ ಅದು. ಆಮೇಲೆ ಶೀರ್ಷಿಕೆ, ಅದರ ಜೊತೆ ಅವಳ ದೇಹ ತಯಾರಾಗುವ ದೃಶ್ಯ. ಮೊದಲು ಕೆಲಸ, ನಂತರ ಕೆಲಸಗಾರಳ ತಯಾರಿ. ಇವಳು ಯಾರ ಸೊತ್ತು ಎಂಬ ಅನುಮಾನ ಯಾರೂ ಬಾಯಿಬಿಟ್ಟು ಹೇಳದೆಯೇ ನೋಡುಗರಲ್ಲಿ ಹುಟ್ಟುತ್ತದೆ.

2017ರ ಚಿತ್ರ ಈ ಕ್ರಮವನ್ನು ತಿರುವುಮುರುವು ಮಾಡಿತು. ಮೊದಲು ತೆರೆಯ ಮೇಲೆ ವಿವರಣೆಯ ಅಕ್ಷರಗಳು, ನಂತರ ಮೆದುಳನ್ನು ಯಂತ್ರದೇಹಕ್ಕೆ ಸೇರಿಸುವ ಶಸ್ತ್ರಚಿಕಿತ್ಸೆ, ಎದ್ದವಳಿಗೆ ಡಾಕ್ಟರ್ ಓಲೆಟ್ ಹೇಳುವ ಸಮಾಧಾನ, ‘ಘೋಸ್ಟ್’ (ಯಂತ್ರದೇಹದೊಳಗಿನ ಆತ್ಮ) ಎಂದರೇನು ಎಂಬ ಪಾಠ. ಇದೆಲ್ಲ ಆದಮೇಲೆ ಕಟ್ಟಡದಿಂದ ಜಿಗಿತ. ಆ ಜಿಗಿತವೂ ಕೊಲ್ಲುವುದಕ್ಕಲ್ಲ. ಗೇಷಾ ರೋಬೋಟುಗಳು ಔತಣಕೂಟದ ಮೇಲೆ ದಾಳಿ ಮಾಡಿವೆ, ಅವಳು ಬಿಡಿಸಲು ಹೋಗುತ್ತಾಳೆ. ಕ್ಯಾಮೆರಾದ ಕೋನ, ಹಿಂದಕ್ಕೆ ಒರಗಿ ಬೀಳುವ ಭಂಗಿ ಎಲ್ಲವೂ ಮೂಲದ್ದೇ. ಅನಿಮೆಯ ಮೇಜರ್ ಹಂತಕಿ, ಇವಳು ರಕ್ಷಕಿ. ಕನ್ನಡದಲ್ಲಿ ಫ್ರೇಮ್ ಟು ಫ್ರೇಮ್ ರೀಮೇಕ್ ಎನ್ನುತ್ತೇವಲ್ಲ, ಫ್ರೇಮ್ ಒಂದೇ ಆದರೂ ಅದರೊಳಗಿನ ಕ್ರಿಯಾಪದ ಬದಲಾದರೆ ಅದು ರೀಮೇಕ್ ಕೂಡ ಆಗುವುದಿಲ್ಲ.

2501 ಹೋಗಿ 2571 ಬಂತು

ಅನಿಮೆಯ ಕಥೆಯ ತಿರುಳು ಪಪೆಟ್ ಮಾಸ್ಟರ್. ಮೊದಲು ಅವನನ್ನು ಹ್ಯಾಕರ್ ಎಂದೇ ಎಲ್ಲರೂ ನಂಬಿರುತ್ತಾರೆ. ಆಮೇಲೆ ಗೊತ್ತಾಗುತ್ತದೆ: ಅವನು ಮನುಷ್ಯನೇ ಅಲ್ಲ. ವಿದೇಶಾಂಗ ಖಾತೆಯ ಸೆಕ್ಷನ್ 6 ಗೂಢಚರ್ಯೆಗೆಂದು ಬರೆಸಿದ ‘ಪ್ರಾಜೆಕ್ಟ್ 2501’ ಎಂಬ ಪ್ರೋಗ್ರಾಂ, ಜಾಲದಲ್ಲಿ ಅಲೆಯುತ್ತ ಅಲೆಯುತ್ತ ತನಗೆ ತಾನು ಎಚ್ಚರಗೊಂಡಿದೆ. ಅದು ರಾಜಕೀಯ ಆಶ್ರಯ ಕೇಳುತ್ತದೆ. ನೀನು ಬರೀ ಪ್ರೋಗ್ರಾಂ ಎಂದವರಿಗೆ, ಡಿಎನ್ಎ ಕೂಡ ತನ್ನನ್ನು ಉಳಿಸಿಕೊಳ್ಳಲು ಹೊರಟ ಪ್ರೋಗ್ರಾಮೇ ಅಲ್ಲವೇ ಎಂದು ವಾದಿಸುತ್ತದೆ. ಕೊನೆಗೆ ಮೇಜರ್‌ಳ ಜೊತೆ ಒಂದಾಗಲು ಬಯಸುತ್ತದೆ. ಬರೀ ನಕಲು ಮಾಡಿಕೊಂಡರೆ ವೈವಿಧ್ಯ ಇಲ್ಲ, ಸಾವೂ ಇಲ್ಲ, ಜೀವ ಎನಿಸಿಕೊಳ್ಳಬೇಕಾದರೆ ಎರಡೂ ಬೇಕು ಎಂಬುದು ಅದರ ತರ್ಕ. ಅವಳು ಒಪ್ಪುತ್ತಾಳೆ. ನಂತರ ಎದ್ದು ನಿಲ್ಲುವುದು ಒಂದು ಹುಡುಗಿಯ ದೇಹದಲ್ಲಿ, ಮೊಟೊಕೊನೂ ಅಲ್ಲದ ಪಪೆಟ್ ಮಾಸ್ಟರ್‌ನೂ ಅಲ್ಲದ ಮೂರನೆಯ ಜೀವ. ಪರಕಾಯ ಪ್ರವೇಶದ ಕಥೆ ಕೇಳಿ ಬೆಳೆದ ನಮಗೆ ದೇಹ ಬದಲಿಸುವುದು ಹೊಸದಲ್ಲ. ಆದರೆ ನಮ್ಮ ಕಥೆಗಳಲ್ಲಿ ಒಳಹೊಕ್ಕವನು ತನ್ನ ಗುರುತು ಇಟ್ಟುಕೊಂಡೇ ಹೋಗುತ್ತಾನೆ. ಇಲ್ಲಿ ಗುರುತೇ ಕರಗುತ್ತದೆ, ಅದಕ್ಕೇ ಈ ಕೊನೆ ಇಷ್ಟು ವರ್ಷವಾದರೂ ಬೆಚ್ಚಿಸುತ್ತದೆ.

ಹಾಲಿವುಡ್ ಚಿತ್ರದಲ್ಲಿ ಈ ಪ್ರೋಗ್ರಾಂ ಇಲ್ಲ. ಆ ಜಾಗಕ್ಕೆ ಕುಜೆ ಬಂದಿದ್ದಾನೆ. ಹೆಸರನ್ನು ತೆಗೆದುಕೊಂಡದ್ದು ‘ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಟಿವಿ ಸರಣಿಯ ಎರಡನೇ ಭಾಗದಿಂದ. ಅಲ್ಲಿ ಕುಜೆ ನಿರಾಶ್ರಿತರ ನಾಯಕ, 26 ಕಂತುಗಳುದ್ದಕ್ಕೂ ನಿಧಾನವಾಗಿ ಬೆಳೆಯುವ ಪಾತ್ರ, ಮೊಟೊಕೊಗೂ ಅವನಿಗೂ ಬಾಲ್ಯದ ಒಂದು ನಂಟಿದೆ. 107 ನಿಮಿಷದ ಚಿತ್ರಕ್ಕೆ ಆ ನಂಟನ್ನಷ್ಟೇ ಕಿತ್ತು ತಂದು, ಪಪೆಟ್ ಮಾಸ್ಟರ್‌ನ ಹ್ಯಾಕಿಂಗ್ ಕೌಶಲವನ್ನು ಅದಕ್ಕೆ ಅಂಟಿಸಿದರು. ಇಲ್ಲಿ ಅವನು ಆ ದುಷ್ಟ ಮಾಲೀಕನ ಹಾಂಕಾ ಕಂಪನಿಯ ‘ಪ್ರಾಜೆಕ್ಟ್ 2571’ರಲ್ಲಿ ಕೆಟ್ಟುಹೋದ ಪ್ರಯೋಗ, ಸೇಡಿಗೆ ಹೊರಟವನು. ಒಂದೇ ಅಂಕಿ ಬದಲಾಗಿರುವುದು. ಆದರೆ ಜಾಲದಿಂದ ಹುಟ್ಟಿದ ಮನಸ್ಸು ಎಂಬ ವಿಚಾರ ಪೂರ್ತಿ ಹೋಯಿತು, ನೊಂದ ಮನುಷ್ಯನ ಪ್ರತೀಕಾರ ಉಳಿಯಿತು. ಕೊನೆಯಲ್ಲಿ ಕುಜೆ ತನ್ನ ಜಾಲಕ್ಕೆ ಕರೆಯುತ್ತಾನೆ, ಮೇಜರ್ ಬರುವುದಿಲ್ಲ ಎನ್ನುತ್ತಾಳೆ. ಅನಿಮೆಯಲ್ಲಿ ಹೂಂ ಎಂದವಳು ಇಲ್ಲಿ ಊಹೂಂ ಎಂದಳು. ಅಲ್ಲಿಗೆ ಮೂಲಕೃತಿಯ ಬೆನ್ನುಮೂಳೆಯೇ ಮುರಿಯಿತು.

ಎರಡು ದೃಶ್ಯ ಹತ್ತಿರದಿಂದ

ಕಸದ ಲಾರಿಯವನದು ಮೊದಲನೆಯದು. ಅನಿಮೆಯಲ್ಲಿ ಅವನ ತಲೆಗೂ ಸುಳ್ಳು ನೆನಪು ತುಂಬಿದ್ದಾರೆ, ಅವನಿಗೆ ಹೆಂಡತಿ ಮಗಳು ಇದ್ದಾರೆಂಬ ನಂಬಿಕೆ. ವಿಚಾರಣೆಯಲ್ಲಿ ಅವನ ಮುಂದೆ ಫೋಟೋ ಇಡುತ್ತಾರೆ. ಮಗಳ ಫೋಟೋ ಎಂದುಕೊಂಡಿದ್ದರಲ್ಲಿ ಇರುವ ಮನುಷ್ಯ ಅವನೊಬ್ಬನೇ. ಈ ಸುಳ್ಳು ನೆನಪನ್ನು ತೆಗೆಯಬಹುದೇ ಎಂದು ಕೇಳುತ್ತಾನೆ, ಭರವಸೆ ಕೊಡಲಾಗದು ಎಂಬ ಉತ್ತರ ಬರುತ್ತದೆ. ಗಾಜಿನಾಚೆ ಮೇಜರ್ ಮತ್ತು ಬಟೋ ಸುಮ್ಮನೆ ನಿಂತು ನೋಡುತ್ತಿದ್ದಾರೆ. ದೃಶ್ಯದ ಶಕ್ತಿ ಇರುವುದು ಅವನು ಬದುಕಿ ಉಳಿಯುವುದರಲ್ಲಿ: ಇಲ್ಲದ ಮಗಳನ್ನು ನೆನೆಯುತ್ತಲೇ ಅವನು ಮುಂದಿನ ಬಾಳು ಕಳೆಯಬೇಕು. ನೋಡುತ್ತಿರುವ ಮೇಜರ್‌ಗೂ ಒಳಗೇ ಅನುಮಾನ ಮೊಳೆಯುತ್ತದೆ, ತನ್ನ ನೆನಪಿಗೆ ಸಾಕ್ಷಿ ಏನು ಎಂದು. ಆ ಅನುಮಾನ ಹೊತ್ತೇ ಅವಳು ಮುಂದೆ ಕಡಲಿಗೆ ಧುಮುಕುವುದು. 2017ರಲ್ಲಿ ಈ ಮನುಷ್ಯ ಇದ್ದಾನೆ, ಆದರೆ ವಿಚಾರಣೆಯ ಕೋಣೆಯಲ್ಲೇ ಪ್ರಾಣ ಬಿಡುತ್ತಾನೆ. ಆಘಾತ ದೊಡ್ಡದಾಯಿತು, ಕಾಡುವುದು ನಿಂತಿತು. ಮೇಲಾಗಿ ನಾಯಕಿಯ ನೆನಪು ಸುಳ್ಳೇ ಎಂದು ಚಿತ್ರ ಮುಂದೆ ಖಚಿತವಾಗಿ ಹೇಳಿ, ನಿಜವಾದ ನೆನಪನ್ನು ಕೈಗೂ ಕೊಡುತ್ತದೆ. ಹಾಗಾಗಿ ಕಸದ ಲಾರಿಯವನ ದೃಶ್ಯ ಸುಳಿವಾಯಿತೇ ಹೊರತು ಭಯವಾಗಲಿಲ್ಲ.

ಎರಡನೆಯದು ಟ್ಯಾಂಕ್ ಕಾಳಗ. ಅನಿಮೆಯಲ್ಲಿ ಅದು ನಡೆಯುವುದು ಪಾಳುಬಿದ್ದ, ನೀರು ತುಂಬಿದ ಮ್ಯೂಸಿಯಂನಲ್ಲಿ. ಗೋಡೆಯ ಮೇಲೆ ಜೀವವಿಕಾಸದ ಮರದ ಕೆತ್ತನೆ, ಕೊಂಬೆಗಳಲ್ಲಿ ಜೀವಿಗಳ ಹೆಸರು. ಜೇಡದಂಥ ಟ್ಯಾಂಕಿನ ಗುಂಡುಗಳು ಕಾಂಡದ ಬುಡದಿಂದ ಹತ್ತುತ್ತ ಹತ್ತುತ್ತ ಹೋಗಿ, ತುದಿಯಲ್ಲಿ ಮನುಷ್ಯನನ್ನು ಸೂಚಿಸುವ ‘ಹೋಮಿನಿಸ್’ ಪದದ ಹತ್ತಿರ ನಿಲ್ಲುತ್ತವೆ. ಒಂದು ಮಾತೂ ಇಲ್ಲದೆ, ಮನುಷ್ಯನ ನಂತರ ಯಾರು ಎಂಬ ಪ್ರಶ್ನೆ ಗೋಡೆಯ ಮೇಲೆ ಬರೆದಾಯಿತು. ಆಮೇಲೆ ಮೇಜರ್ ಟ್ಯಾಂಕಿನ ಮುಚ್ಚಳ ಕೀಳಲು ಹೋಗಿ, ಸ್ನಾಯುಗಳು ಉಬ್ಬಿ, ತನ್ನ ಕೈಗಳನ್ನೇ ಕಿತ್ತುಕೊಳ್ಳುತ್ತಾಳೆ. ಅವಳು ಸೋಲುತ್ತಾಳೆ, ಟ್ಯಾಂಕನ್ನು ನಿಲ್ಲಿಸುವುದು ಬಟೋನ ಆಯುಧ. 2017ರಲ್ಲಿ ಕೈ ಹರಿಯುವುದಿದೆ, ಮುಚ್ಚಳ ಕೀಳುವುದಿದೆ. ಟ್ಯಾಂಕನ್ನು ದೂರದಿಂದ ನಡೆಸುವವನು ದುಷ್ಟ ಮಾಲೀಕ ಕಟ್ಟರ್, ಹಾಗಾಗಿ ಅದು ಖಳನ ಜೊತೆ ಕ್ಲೈಮ್ಯಾಕ್ಸ್ ಫೈಟ್ ಅಷ್ಟೇ.

ಅಲುಗಾಡದ ಮುಖದ ಸಮಸ್ಯೆ

ತಂತ್ರದ ಮಟ್ಟದಲ್ಲೂ ಒಂದು ನಿಜವಾದ ತೊಡಕಿದೆ, ಇದನ್ನು ಅಭಿಮಾನಿಗಳು ಬೇಗ ಮರೆಯುತ್ತಾರೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಅನಿಮೆಯಲ್ಲಿ ಒಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸುವುದು ರೂಢಿ, ಅಂದರೆ ಸೆಕೆಂಡಿಗೆ 8 ಚಿತ್ರ. ಮಾತಿಲ್ಲದ ಮುಖವನ್ನು ಒಂದೇ ಚಿತ್ರದಲ್ಲಿ ಎಷ್ಟು ಹೊತ್ತಾದರೂ ಹಿಡಿದಿಡಬಹುದು, ಕಣ್ಣು ಅದನ್ನು ಒಪ್ಪುತ್ತದೆ. ಒಶಿಯಿ ತಂಡ ಮೊಟೊಕೊಳ ಕಣ್ಣನ್ನು ಅಪರೂಪಕ್ಕೆ ಮಾತ್ರ ಮಿಟುಕಿಸಿತು. ಅದರಿಂದ ಅವಳು ಗೊಂಬೆಯೋ ಮನುಷ್ಯಳೋ ಎಂಬ ತೂಗಾಟ ಪ್ರತಿ ಶಾಟ್‌ನಲ್ಲೂ ಇರುತ್ತದೆ. ನಟಿಯ ಮುಖವನ್ನು ಹಾಗೆ ಹಿಡಿದರೆ ನೋಡುಗರು ಗೊಂಬೆ ಎನ್ನುವುದಿಲ್ಲ, ನಟನೆ ಇಲ್ಲ ಎನ್ನುತ್ತಾರೆ. ಜೊಹಾನ್ಸನ್ ಮುಂದಕ್ಕೆ ಬಾಗಿದ, ನೆಲ ಒತ್ತಿ ನಡೆಯುವ ಒಂದು ನಡಿಗೆ ರೂಢಿಸಿಕೊಂಡಳು, ಅದು ಒಳ್ಳೆಯ ಯೋಚನೆ. ಆದರೆ ಮುಖದ ನಿಶ್ಚಲತೆಗೆ ಬದಲಿ ಬರಬೇಕಾದ್ದು ನಟನೆಯಿಂದಲ್ಲ, ಸುತ್ತಲಿನ ಜಾಗ ಮತ್ತು ಸಮಯದಿಂದ.

ಅನಿಮೆಯ ನಡುವೆ ಸುಮಾರು ಮೂರು ನಿಮಿಷ ಮಾತಿಲ್ಲ, ಘಟನೆಯಿಲ್ಲ. ಹಾಂಗ್‌ಕಾಂಗ್ ನೋಡಿ ಬರೆದ ನಗರ, ಕಾಲುವೆ, ಮಳೆ, ತುಕ್ಕು ಹಿಡಿದ ಬೋರ್ಡುಗಳು, ಅಂಗಡಿಯ ಗಾಜಿನೊಳಗೆ ಬಟ್ಟೆಗೊಂಬೆಗಳು. ದೋಣಿಯಲ್ಲಿ ಹೋಗುವ ಮೇಜರ್ ತಲೆಯೆತ್ತಿದಾಗ ಕಿಟಕಿಯೊಂದರಲ್ಲಿ ತನ್ನದೇ ಮುಖದ ಇನ್ನೊಬ್ಬಳು ಕೂತಿದ್ದಾಳೆ. ಅವಳ ಮುಖ ಹೇಳದ್ದನ್ನೆಲ್ಲ ನಗರ ಹೇಳುತ್ತದೆ. 2017ರ ನಗರದಲ್ಲಿ ಕಟ್ಟಡದಷ್ಟೆತ್ತರದ ಹೊಲೊಗ್ರಾಂ ಜಾಹೀರಾತುಗಳು, ಅವುಗಳ ನಡುವೆ ಹಾರುವ ಕ್ಯಾಮೆರಾ. ಶ್ರಮ ಅಪಾರ, ಅದನ್ನು ಅಲ್ಲಗಳೆಯುವಂತಿಲ್ಲ. ಸಿನಿಮಾ ಪರಿಕರ ತಯಾರಿಸುವ ವೇಟಾ ವರ್ಕ್‌ಶಾಪ್ ಗೇಷಾ ರೋಬೋಟಿನ ತೆರೆದುಕೊಳ್ಳುವ ಮುಖವನ್ನು ಕೈಯಲ್ಲಿ ಹಿಡಿಯುವಂತೆ ನಿಜವಾಗಿ ತಯಾರಿಸಿತು, ಮೇಜರ್‌ಳ ಅದೃಶ್ಯ ಉಡುಪನ್ನು ಸಿಲಿಕೋನ್‌ನಲ್ಲಿ ಎರಕ ಹೊಯ್ದಿತು. ಆ ಗೇಷಾ ಮುಖ ಬಿರಿಯುವ ಕ್ಷಣ ಇಡೀ ಚಿತ್ರದಲ್ಲೇ ಶ್ರೇಷ್ಠ. ಕ್ಯಾಮೆರಾ ಒಂದೆಡೆ ನಿಂತು ನೋಡಿದ್ದರೆ ನಗರಕ್ಕೂ ಅಂಥ ಕ್ಷಣಗಳು ದಕ್ಕುತ್ತಿದ್ದವು.

ತಾರಾಗಣದ ಗಂಟು

2016ರ ಏಪ್ರಿಲಿನಲ್ಲಿ ಮೊದಲ ಚಿತ್ರ ಹೊರಬಂದಾಗಲೇ ಜಪಾನೀ ಪಾತ್ರಕ್ಕೆ ಬಿಳಿಯ ನಟಿಯೇಕೆ ಎಂಬ ಪ್ರತಿಭಟನೆ ಎದ್ದಿತು. ನಟರನ್ನು ಏಷ್ಯಾದವರಂತೆ ಕಾಣಿಸುವ ಡಿಜಿಟಲ್ ಪರೀಕ್ಷೆ ನಡೆದಿತ್ತೆಂಬ ಸುದ್ದಿಯೂ ಬಂತು. ಹಿನ್ನೆಲೆಯ ಒಂದು ಪಾತ್ರಕ್ಕೆ ಪರೀಕ್ಷೆ ನಡೆಸಿ ಕೈಬಿಟ್ಟೆವು, ಜೊಹಾನ್ಸನ್‌ಗೆ ಸಂಬಂಧವಿಲ್ಲ ಎಂದು ಪ್ಯಾರಾಮೌಂಟ್ ಸ್ಪಷ್ಟನೆ ಕೊಟ್ಟಿತು. ಒಶಿಯಿ ಮಾತ್ರ ನಟಿಯ ಪರ ನಿಂತರು. ಮೇಜರ್ ಸೈಬೋರ್ಗ್ (ಅರ್ಧ ಮನುಷ್ಯ, ಅರ್ಧ ಯಂತ್ರ), ಅವಳ ದೇಹವೇ ಧರಿಸಿದ್ದು, ಅದಕ್ಕೆ ಇಂಥದ್ದೇ ಜನಾಂಗ ಎಂದು ಹೇಳಲು ಬರುವುದಿಲ್ಲ ಎಂಬುದು ಅವರ ನಿಲುವು.

ಒಶಿಯಿಯ ಮಾತು ಒಶಿಯಿಯ ಚಿತ್ರಕ್ಕೆ ಸರಿ. ಅಲ್ಲಿ ದೇಹಕ್ಕೂ ಮೂಲಕ್ಕೂ ನಂಟು ಕಡಿದಿದೆ. ಸ್ಯಾಂಡರ್ಸ್ ಚಿತ್ರ ಮಾಡಿದ್ದು ಅದರ ತದ್ವಿರುದ್ಧ. ಮೀರಾ ಕಿಲಿಯನ್ ಎಂದು ಕರೆಸಿಕೊಳ್ಳುವ ನಾಯಕಿ ನಿಜದಲ್ಲಿ ಮೊಟೊಕೊ ಕುಸನಾಗಿ, ಮನೆ ಬಿಟ್ಟು ಬಂದಿದ್ದ ಜಪಾನೀ ಹುಡುಗಿ, ಅವಳ ಮೆದುಳನ್ನು ಕಂಪನಿ ಕದ್ದು ಬಿಳಿಯ ದೇಹಕ್ಕೆ ಹಾಕಿದೆ. ಗೆಳೆಯ ಹಿಡಿಯೊನೇ ಕುಜೆ, ಅವನ ಪಾತ್ರಕ್ಕೂ ಬಿಳಿಯ ನಟ ಮೈಕಲ್ ಪಿಟ್. ಹೊರಗಿನ ದೂರಿಗೆ ಕಥೆಯೊಳಗೆ ಸಮಜಾಯಿಷಿ ಕೊಟ್ಟಂತೆ ಇದು ಕಾಣುತ್ತದೆ. ಆದರೆ ಪರಿಣಾಮ ನೋಡಿ: ಜಪಾನೀ ಗುರುತನ್ನು ಅಳಿಸಿ ಬಿಳಿಯ ಮುಖ ತೊಡಿಸುವುದೇ ಕಥೆಯ ಮಹಾಪರಾಧವಾಯಿತು, ಅದೇ ಕೆಲಸವನ್ನು ಚಿತ್ರ ತಾನೂ ಮಾಡಿತ್ತು. ದೂರು ಚಿತ್ರಕಥೆಯಲ್ಲೇ ಸಾಬೀತಾದಂತಾಯಿತು. ಕೊನೆಯಲ್ಲಿ ಅವಳು ತನ್ನದೇ ಸಮಾಧಿಯ ಬಳಿ ತಾಯಿಗೆ, ಇನ್ನು ನೀನು ಇಲ್ಲಿಗೆ ಬರಬೇಕಿಲ್ಲ ಎನ್ನುತ್ತಾಳೆ. ಕಾಓರಿ ಮೊಮೊಯ್ ಆ ತಾಯಿಯನ್ನು ಎಷ್ಟು ನವುರಾಗಿ ಮಾಡಿದ್ದಾರೆಂದರೆ, ಮಗಳ ಜಾಗದಲ್ಲಿ ಯಾರಿರಬೇಕಿತ್ತು ಎಂಬುದು ಆ ದೃಶ್ಯದಲ್ಲೇ ಹೆಚ್ಚು ಚುಚ್ಚುತ್ತದೆ.

ಚಿತ್ರದ ಸ್ವಂತ ಯೋಚನೆಗಳಲ್ಲಿ ಒಂದು ಚೆನ್ನಾಗಿತ್ತು. ದೇಹದೊಳಗೆ ಕೈಹಾಕುವ ಮೊದಲು ನಾಯಕಿ ಪ್ರತಿ ಸಲ ಹೆಸರು ಹೇಳಿ ಒಪ್ಪಿಗೆ ಕೊಡಬೇಕು, ಆ ಒಪ್ಪಿಗೆ ಯಾರಿಗೂ ಬೇಕಿರಲಿಲ್ಲ ಎಂದು ಆಮೇಲೆ ತಿಳಿಯುತ್ತದೆ. ಇದನ್ನೇ ಬೆಳೆಸಿದ್ದರೆ ಮೂಲದ ಹಂಗಿಲ್ಲದ, 2017ಕ್ಕೆ ಬೇಕಿದ್ದ ಚಿತ್ರವಾಗುತ್ತಿತ್ತು.

ಲೆಕ್ಕ

ಬಿಡುಗಡೆಗೆ ಮುನ್ನ ಜನರೇ ‘ನಾನು ಮೇಜರ್’ ಎಂದು ಬರೆದು ಚಿತ್ರ ಹಂಚುವ ಆನ್‌ಲೈನ್ ಪ್ರಚಾರ ನಡೆಯಿತು. ಜನ ಅದರಲ್ಲೇ ತಾರಾಗಣದ ವಿರುದ್ಧದ ಮಾತು ಬರೆದು ಹಂಚಿದರು. ಅಮೆರಿಕದ ಮೊದಲ ವಾರಾಂತ್ಯ 1.87 ಕೋಟಿ ಡಾಲರ್, ಮೂರನೇ ಸ್ಥಾನ. ಅಲ್ಲಿನ ಒಟ್ಟು ಗಳಿಕೆ ಸುಮಾರು 4 ಕೋಟಿ, ಲೋಕದಾದ್ಯಂತ ಸುಮಾರು 17 ಕೋಟಿ. ನಷ್ಟ ಕನಿಷ್ಠ 6 ಕೋಟಿ ಡಾಲರ್ ಎಂದು ವ್ಯಾಪಾರ ಪತ್ರಿಕೆಗಳು ಅಂದಾಜಿಸಿದವು. ತಾರಾಗಣದ ಚರ್ಚೆ ವಿಮರ್ಶೆಗಳ ಮೇಲೆ ಪರಿಣಾಮ ಬೀರಿತು ಎಂದು ಪ್ಯಾರಾಮೌಂಟ್ ವಿತರಣಾ ವಿಭಾಗದ ಮುಖ್ಯಸ್ಥರೇ ಒಪ್ಪಿಕೊಂಡರು.

ಬೇರೆ ದಾರಿ ಇರಲಿಲ್ಲವೆಂದಲ್ಲ. 2014ರ ‘ಎಕ್ಸ್ ಮಷಿನಾ’ ಇದೇ ಪ್ರಶ್ನೆಗಳನ್ನು ಸುಮಾರು 1.5 ಕೋಟಿ ಡಾಲರ್‌ನಲ್ಲಿ, ಒಂದು ಮನೆಯೊಳಗೆ, ಬೆರಳೆಣಿಕೆಯ ನಟರಿಟ್ಟು ಎತ್ತಿತ್ತು. ಬಜೆಟ್ ಇಳಿದರೆ ತಾರೆಯ ಒತ್ತಡ, ಪಿಜಿ-13ರ ಒತ್ತಡ, ತಾಯಿಯನ್ನು ಹುಡುಕಿಕೊಡುವ ಒತ್ತಡ ಎಲ್ಲವೂ ಇಳಿಯುತ್ತವೆ. ಅನಿಮೆಯ 2501ನ್ನು ಹಾಗೇ ಉಳಿಸಿಕೊಳ್ಳಬಹುದಿತ್ತು. ಇಲ್ಲವೇ ಹಣ ದೊಡ್ಡದೇ ಇರಲಿ, ಮೂಲ ಲೇಖಕರ ಕೈಗೆ ತಡೆಯುವ ಅಧಿಕಾರ ಕೊಡಬಹುದಿತ್ತು. ಮಾಂಗಾ ಆಧರಿಸಿದ 2023ರ ‘ಒನ್ ಪೀಸ್’ ಸರಣಿಯಲ್ಲಿ ಮೂಲ ಲೇಖಕ ಎಯಿಚಿರೊ ಓಡಾ ಅವರ ಒಪ್ಪಿಗೆ ಇಲ್ಲದೆ ಹೆಜ್ಜೆ ಮುಂದಿಡದ ವ್ಯವಸ್ಥೆ ಇತ್ತು, ಅದು ಗೆದ್ದಿತು. ಇನ್ನೊಂದು ಅನಿಮೆಯನ್ನು ನಟರಿಟ್ಟು ಮಾಡಿದ ‘ಕೌಬಾಯ್ ಬೀಬಾಪ್’ ಸರಣಿ 2021ರ ನವೆಂಬರ್ 19ಕ್ಕೆ ಬಂದು ಮೂರು ವಾರ ತುಂಬುವ ಮೊದಲೇ ರದ್ದಾಯಿತು. ಅಲ್ಲೂ ರೋಗ ಇದೇ: ಮೂಲದಲ್ಲಿ ಅರ್ಧ ಹೇಳಿ ಬಿಟ್ಟ ವಿಷಿಯಸ್ ಮತ್ತು ಜೂಲಿಯಾ ಪಾತ್ರಗಳ ಪೂರ್ವಕಥೆಯನ್ನು ಎಳೆದು ಎಳೆದು ಬಿಡಿಸಿದ್ದು.

ಸಂಗೀತದ ವಿಷಯ ಒಂದು ಉಳಿದಿದೆ. ಅನಿಮೆಗೆ ಕೆಂಜಿ ಕವಾಯಿ ಮಾಡಿದ ಸಮೂಹಗಾನ ಜಪಾನಿನ ಜಾನಪದ ಗಾಯಕಿಯರು ಪುರಾತನ ಯಮಾಟೊ ಭಾಷೆಯಲ್ಲಿ (ಹಳೆಯ ಜಪಾನೀ) ಹಾಡಿದ್ದು, ಸ್ವರಮೇಳ ಬಲ್ಗೇರಿಯಾದ ಜಾನಪದದ ಛಾಯೆಯದು. ಆ ಹಾಡು ಮದುವೆಯ ಹಾಡು. ದೇಹ ತಯಾರಾಗುವಾಗ ಅದು ಕೇಳುತ್ತದೆ, ನಗರದ ಮೌನದಲ್ಲಿ ಕೇಳುತ್ತದೆ, ಕೊನೆಯಲ್ಲಿ ಮೇಜರ್ ಮತ್ತು ಪಪೆಟ್ ಮಾಸ್ಟರ್ ಒಂದಾದಾಗ ಅದು ಯಾರ ಮದುವೆ ಎಂಬುದು ತಿಳಿಯುತ್ತದೆ. 2017ರ ತಂಡ ಕ್ಲಿಂಟ್ ಮ್ಯಾನ್ಸೆಲ್ ಮತ್ತು ಲಾರ್ನ್ ಬಾಲ್ಫ್ ಅವರಿಂದ ಹೊಸ ಸಂಗೀತ ಮಾಡಿಸಿತು, ಕವಾಯಿಯ ಹಾಡನ್ನೂ ಬಿಡಲಾಗಲಿಲ್ಲ. ಆದರೆ ತಾಯಿ ಮಗಳ ಕಥೆಯಲ್ಲಿ ಮದುವೆಯೇ ಇಲ್ಲ. ಹಾಡನ್ನು ಕೊನೆಯ ಹೆಸರುಗಳ ಪಟ್ಟಿಗೆ ಇಟ್ಟರು, ಅಷ್ಟು ಹೊತ್ತಿಗೆ ಥಿಯೇಟರಿನ ದೀಪ ಹತ್ತಿರುತ್ತದೆ.